ಹೆದ್ದಾರಿಗೆ ಅಡ್ಡ ಬಂದುದು ಕುರಿಮಂದೆಯೇ?

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರಿಗೆ ದೀಪಾವಳಿಯೆಂದರೆ ಊರ ದಾರಿ ಹಿಡಿಯುವ ಕಾಲ. ಕಚೇರಿಯ ಕೆಲಸ ಮುಗಿಸಿ, ರಾತ್ರಿಯ ಬಸ್ಸನ್ನೋ ಸ್ವಂತ ಕಾರನ್ನೋ ಹತ್ತಿ, ಸಾತಾರಾ, ಕೊಲ್ಹಾಪುರಗಳನ್ನು ದಾಟಿ, ಬೆಳಗಾಗುವುದರೊಳಗೆ ಬೆಳಗಾವಿಯನ್ನೋ ಹುಬ್ಬಳ್ಳಿಯನ್ನೋ ಸೇರಬೇಕೆಂಬ ಆತುರ ಎಲ್ಲರದು. ಅದೇ ದಿನಗಳಲ್ಲಿ ಇನ್ನೊಂದು ಪ್ರಯಾಣವೂ ನಡೆದಿರುತ್ತದೆ. ಮಳೆಗಾಲ ಕಳೆಯುತ್ತಲೇ ಸಾತಾರಾ ಜಿಲ್ಲೆಯ ಪೂರ್ವದ ಒಣಭೂಮಿಯ ಧನಗರರು ಮೇವನ್ನರಸಿ, ಘಟ್ಟ ಇಳಿದು ಕೊಂಕಣದತ್ತ ಹೊರಡುತ್ತಾರೆ. ಉತ್ತರ ಕರ್ನಾಟಕದ ಕುರುಬರೂ ಮಂದೆಯೊಡನೆ ಊರೂರು ಸಂಚರಿಸುತ್ತಾರೆ. ಪುಣೆಯಿಂದ ಕೊಲ್ಹಾಪುರದವರೆಗೆ ಹೆದ್ದಾರಿ ಉತ್ತರದಿಂದ ದಕ್ಷಿಣಕ್ಕೆ ಸಾಗಿದೆ. ಕೊಂಕಣಕ್ಕೆ ಹೊರಟ ಮಂದೆಗಳ ಹಾದಿ ಪೂರ್ವದಿಂದ ಪಶ್ಚಿಮಕ್ಕೆ. ಇವೆರಡೂ ಕೂಡುವಲ್ಲಿ ಅಪಾಯ ಕಾದಿರುತ್ತದೆ.

ಇಂಥ ಅಪಘಾತವೊಂದು ನಡೆದಾಗಲೆಲ್ಲ ಕೇಳಿಬರುವ ಮಾತು ಒಂದೇ: “ಕುರಿಗಳನ್ನು ಹೆದ್ದಾರಿಯಿಂದ ದೂರವಿಡಿ, ಕುರಿಗಾಹಿಗೆ ದಂಡ ವಿಧಿಸಿ.” ಹೇಳಲು ಸುಲಭವಾದ ಈ ಪರಿಹಾರ ನ್ಯಾಯವಾದುದಲ್ಲ, ಕಾರ್ಯಸಾಧ್ಯವೂ ಅಲ್ಲ. ಹಿಂದೆ 4ನೆಯ ಸಂಖ್ಯೆಯದಾಗಿದ್ದು ಈಗ 48 ಎನಿಸಿಕೊಂಡಿರುವ ಈ ರಾಷ್ಟ್ರೀಯ ಹೆದ್ದಾರಿ ಸುವರ್ಣ ಚತುಷ್ಪಥ ಯೋಜನೆಯಲ್ಲಿ ವಿಸ್ತಾರಗೊಂಡಿತು. ಮಂದೆಗಳ ಹಾದಿಯಾದರೋ ಅದಕ್ಕಿಂತ ಬಹಳ ಹಳೆಯದು. ಆದ್ದರಿಂದ ಯಾರ ದಾರಿಗೆ ಯಾರು ಅಡ್ಡ ಬಂದರೆಂಬ ಪ್ರಶ್ನೆಗೆ ಉತ್ತರ ತೋರಿದಷ್ಟು ಸರಳವಲ್ಲ. 2019ರ ಜಾನುವಾರು ಗಣತಿಯಂತೆ ಕರ್ನಾಟಕವೊಂದರಲ್ಲೇ ಸುಮಾರು 1 ಕೋಟಿ 11 ಲಕ್ಷ ಕುರಿಗಳಿವೆ. ಗೊಬ್ಬರಕ್ಕಾಗಿ ರೈತರೇ ಕರೆದು, ಕಾಳು ಅಥವಾ ಹಣ ಕೊಟ್ಟು, ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವುದುಂಟು. ಇಂಥ ಕಸುಬನ್ನು ಒಂದು ಆಜ್ಞೆಯಿಂದ ನಿಲ್ಲಿಸಲಾಗದು.

ಅಪಘಾತದ ಮೂಲ ಕಾರಣವನ್ನು ಅರಿಯಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಚಲಿಸುತ್ತದೆ. ಅಪಾಯವನ್ನು ಕಂಡು ಚಾಲಕನ ಕಾಲು ಬ್ರೇಕನ್ನು ಒತ್ತುವುದಕ್ಕೇ ಒಂದೂವರೆ ಸೆಕೆಂಡು ಬೇಕಾದೀತು. ಬ್ರೇಕು ಹಿಡಿದ ಮೇಲೂ ಕಾರು ನಿಲ್ಲಲು ಮತ್ತೆ 35 ಮೀಟರಾದರೂ ಬೇಕು. ಒಟ್ಟು ಸುಮಾರು 70 ಮೀಟರ್. ಭಾರದ ಬಸ್ಸಿಗೆ, ಲಾರಿಗೆ ಇನ್ನೂ ಹೆಚ್ಚು. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಪ್ಪು ವಸ್ತುವೊಂದು ಸ್ಪಷ್ಟವಾಗಿ ಕಾಣುವುದು 40-50 ಮೀಟರಿನಷ್ಟು ದೂರಕ್ಕೆ ಮಾತ್ರ. ದಖ್ಖನಿ ತಳಿಯ ಕುರಿಯ ಬಣ್ಣ ಬಹುಮಟ್ಟಿಗೆ ಕಪ್ಪು, ಡಾಂಬರಿನ ಬಣ್ಣವೂ ಕಪ್ಪು, ಕುರಿಗಾಹಿಯ ಕಂಬಳಿಯೂ ಕಪ್ಪು. ಎಂದಮೇಲೆ ಆ ವೇಗದಲ್ಲಿ ಹೋಗುವವನು ಕಂಡ ಮೇಲೂ ನಿಲ್ಲಿಸಲಾರ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಮೂರನೆಯ ಒಂದು ಭಾಗಕ್ಕೂ ಮೀರಿ ಸತ್ತುದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಇವುಗಳಲ್ಲಿ ಪಶುಗಳಿಂದಾದವು ಕೆಲವೇ. ಕಾರಣಗಳಲ್ಲಿ ಅಗ್ರಸ್ಥಾನ ಅತಿವೇಗದ್ದು.

ಕುರಿಯ ಸ್ವಭಾವವನ್ನೂ ಚಾಲಕರು ತಿಳಿದಿರಬೇಕು. ಒಂದು ದಾಟಿತೆಂದರೆ ಉಳಿದವು ಹಿಂಬಾಲಿಸಿಯೇ ತೀರುತ್ತವೆ. ನಾಲ್ಕು ಕುರಿ ದಾಟಿದ ಬಳಿಕ ರಸ್ತೆ ತೆರವಾಯಿತೆಂದು ಮುನ್ನುಗ್ಗುವುದು ತಪ್ಪು. ಹಾರ್ನ್ ಬಾರಿಸಿದರೆ ಮಂದೆ ಬೆದರಿ ಚದುರುತ್ತದೆ. ಎಲ್ಲಕ್ಕಿಂತ ಘೋರವಾದುದು, ಕುರಿಯನ್ನು ತಪ್ಪಿಸಲು ಸ್ಟೀರಿಂಗನ್ನು ಥಟ್ಟನೆ ತಿರುಗಿಸುವುದು. ವಾಹನ ಮಗುಚಿಯೋ ಪಕ್ಕದ ಲಾರಿಗೆ ಬಡಿದೋ ಮನುಷ್ಯರ ಪ್ರಾಣಹಾನಿಯಾಗುವುದು ಆಗಲೇ. ನೇರವಾಗಿ ಬ್ರೇಕು ಹಿಡಿದು ತನ್ನ ಸಾಲಿನಲ್ಲಿಯೇ ನಿಲ್ಲಿಸುವುದು ವಿವೇಕ. ಹಿಂದಿನ ಆಸನದವರೂ ಸೀಟ್ ಬೆಲ್ಟ್ ಕಟ್ಟಿಕೊಂಡಿರಬೇಕು.

ಸರ್ಕಾರದ ಹೊಣೆ ಇದಕ್ಕಿಂತ ದೊಡ್ಡದು. ಜಾನುವಾರುಗಳಿಗೆಂದು ರಸ್ತೆಯಡಿ ದಾರಿ ಬಿಡುವ ಪದ್ಧತಿ ಹೆದ್ದಾರಿ ನಿರ್ಮಾಣದಲ್ಲಿ ಈಗಾಗಲೇ ಇದೆ. ಆದರೆ ಅದು ಮಂದೆ ನಡೆವ ಜಾಗದಲ್ಲಿರಬೇಕು. ಕುರಿಗಾಹಿಗಳನ್ನು ಕೇಳಿ ಸ್ಥಳ ಗೊತ್ತುಮಾಡಬೇಕು. ಅದರಲ್ಲಿ ನೀರು ನಿಲ್ಲಬಾರದು. ಮಧ್ಯದ ವಿಭಜಕದಲ್ಲಿ ಬೆಳೆಸುವ ಕಣಗಿಲೆಯನ್ನು ಆಡುಕುರಿಗಳು ಮೇಯುವುದಿಲ್ಲ, ಎದುರು ದೀಪದ ಝಳವನ್ನೂ ಅದು ತಡೆಯುತ್ತದೆ, ನಿಜ. ಆದರೆ ಆಳೆತ್ತರ ಬೆಳೆಯಗೊಟ್ಟರೆ ಅದರ ಮರೆಯಲ್ಲಿ ನಿಂತ ಮಂದೆ ಚಾಲಕನ ಕಣ್ಣಿಗೆ ಬೀಳದು. ದಾಟುವ ಸ್ಥಳಗಳಲ್ಲಿ ದೀಪಾವಳಿಗೆ ಮುನ್ನವೇ ಎಚ್ಚರಿಕೆಯ ಫಲಕಗಳು ನಿಲ್ಲಬೇಕು.

ಕುರಿಗಾಹಿಯೂ ಹೊಣೆಯಿಂದ ಹೊರತಲ್ಲ. ಮುಸ್ಸಂಜೆ, ನಸುಕುಗಳಲ್ಲಿ ಹೆದ್ದಾರಿ ದಾಟಬಾರದು. ಮಂದೆಯ ಮುಂದೊಬ್ಬ, ಹಿಂದೊಬ್ಬ ಕೆಂಪು ಬಟ್ಟೆ ಹಿಡಿದಿರಬೇಕು. ಮಂದೆಯೇ ಅವನ ಉಳಿತಾಯ, ಅದೇ ಅವನ ಮಗಳ ಮದುವೆಯ ಹಣ. ಒಂದು ಲಾರಿ ನುಗ್ಗಿದರೆ ಹಲವು ವರ್ಷಗಳ ಗಳಿಕೆ ನಿಮಿಷದಲ್ಲಿ ಅಳಿಯುತ್ತದೆ. ಎಷ್ಟೋ ವೇಳೆ ಅವನ ಪ್ರಾಣವೂ ಹೋಗುತ್ತದೆ.

ಇಷ್ಟಾಗಿಯೂ ಅಪಘಾತವಾದರೆ ಮೊದಲ ಒಂದು ಗಂಟೆ ಅಮೂಲ್ಯ. 108ಕ್ಕೋ ಹೆದ್ದಾರಿಯ ಸಹಾಯವಾಣಿ 1033ಕ್ಕೋ ಕೂಡಲೇ ಕರೆ ಮಾಡಬೇಕು. ರಕ್ತ ಸೋರುವಲ್ಲಿ ಶುಭ್ರವಾದ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಬೆಂಕಿಯಂಥ ಅಪಾಯವಿದ್ದ ಹೊರತು ಗಾಯಾಳುವನ್ನು ಎಳೆದಾಡಬಾರದು, ಕುತ್ತಿಗೆ ಅಲುಗಬಾರದು, ಕುಡಿಯಲು ನೀರು ಕೊಡಬಾರದು. ಪೊಲೀಸರ ಭಯದಿಂದ ಹಿಂಜರಿಯಬೇಕಾದ ಕಾರಣವಿಲ್ಲ. ಸದುದ್ದೇಶದಿಂದ ನೆರವಾದವನಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ನೀಡಿದೆ.

ಹೊರನಾಡಿನ ಕನ್ನಡ ಸಂಘಗಳು ಊರ ಶಾಲೆಗಳಿಗೆ ಪುಸ್ತಕಗಳನ್ನು ಹಂಚುವುದುಂಟು. ಅದರೊಡನೆ, ಬೆಳಕಿಗೆ ಹೊಳೆಯುವ ಪಟ್ಟಿಗಳನ್ನೂ ಕುರಿಗಾಹಿಗಳಿಗೆ ಹಂಚಬಹುದು. ಕಂಬಳಿಯ ಮೇಲೊಂದು, ಮಂದೆಯ ಮುಂದೆ ನಡೆವ ಹೋತದ ಕೊರಳಿಗೊಂದು ಇದ್ದರೆ ಸಾಕು, ದೂರದಿಂದಲೇ ಕಾಣುತ್ತದೆ. ವೆಚ್ಚ ಅತ್ಯಲ್ಪ. ಮುಂಬಯಿಯ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಊರಿನಿಂದ ತಂದ ಕರಿಯ ಕಂಬಳಿಯೊಂದು ಇಂದಿಗೂ ಇದೆ. ಅದರ ಉಣ್ಣೆ ಇಂಥ ಮಂದೆಗಳದೇ. ಆ ಮಂದೆ ರಸ್ತೆ ದಾಟುವವರೆಗೆ ಹತ್ತು ನಿಮಿಷ ಕಾಯುವುದರಿಂದ ಹಬ್ಬವೇನೂ ತಪ್ಪಿಹೋಗದು.