ಮಣ್ಣು ನೋಡಿ ಬೀಗತನ ಮಾಡಿ

ಪತ್ರಿಕೆಗಳಲ್ಲಿ ಆಗಾಗ ಒಂದೇ ಬಗೆಯ ಚಿತ್ರ ಅಚ್ಚಾಗುತ್ತಿರುತ್ತದೆ. ಹೂಗುಚ್ಛವಿರಿಸಿದ ಉದ್ದನೆಯ ಮೇಜು. ಒಂದು ಬದಿಗೆ ನಮ್ಮ ಯಾವುದೋ ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿಗಳು, ಇನ್ನೊಂದು ಬದಿಗೆ ಕಡಲಾಚೆಯಿಂದ ಬಂದ ಪ್ರತಿನಿಧಿ, ಅವರ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು. ಇಬ್ಬರ ಕೈಯಲ್ಲೂ ಒಂದೊಂದು ಕಡತ. ಕೆಳಗೆ ‘ಜ್ಞಾನ ವಿನಿಮಯಕ್ಕೆ ಅಂತರರಾಷ್ಟ್ರೀಯ ಒಡಂಬಡಿಕೆ’ ಎಂಬ ಒಕ್ಕಣೆ. ಆದರೆ ಎರಡು ವರ್ಷ ಕಳೆದ ಮೇಲೆ ಆ ಒಡಂಬಡಿಕೆಯಿಂದ ಯಾರು ಏನು ಕಲಿತರು, ಯಾವ ಯಂತ್ರ ತಯಾರಾಯಿತು, ಯಾವ ಊರಿನ ಯಾವ ಕಷ್ಟ ನೀಗಿತು ಎಂಬ ಸುದ್ದಿ ಮಾತ್ರ ನನ್ನ ಕಣ್ಣಿಗೆ ಬೀಳುವುದು ತೀರ ಅಪರೂಪ!

ನನ್ನ ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ, ಬಂಧುಗಳೇ, ಈ ಸಲ ಹಳೆಯ ನೆನಪುಗಳನ್ನು ಬದಿಗಿಟ್ಟು ಒಂದು ಜಗಳಕ್ಕೇ ಕೂತಿದ್ದೇನೆ. ನನ್ನ ವಾದ ಇಷ್ಟೇ: ತನ್ನದೇ ಆದ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿಯದೆ ಹೊರಗಿನವರೊಡನೆ ಸಹಯೋಗಕ್ಕೆ ಕೂಡುವ ವಿಶ್ವವಿದ್ಯಾಲಯ ಸಹಯೋಗಿಯಾಗುವುದಿಲ್ಲ, ಗಿರಾಕಿಯಾಗುತ್ತದೆ. ಆ ಗಿರಾಕಿತನದ ಬೆಲೆಯನ್ನು ತೆರುವವರು ಕುಲಪತಿಗಳಲ್ಲ. ನರೇಗಲ್ಲಿನಂಥ ಊರುಗಳ ತಂದೆತಾಯಿಗಳು.

ಇದು ಬರಿಯ ಅಲಂಕಾರದ ಮಾತಲ್ಲ. ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಒಕ್ಕಲುತನ ಮಾಡಿಕೊಂಡಿದ್ದಾನೆ, ಮಗ ಪಿ.ಯು.ಸಿ. ಮುಗಿಸಿದ್ದಾನೆ. ಕೈಯಲ್ಲಿ ಒಂದು ಖಾಸಗಿ ಕಾಲೇಜಿನ ಬಣ್ಣಬಣ್ಣದ ಪುಸ್ತಿಕೆ. “ಸರ, ಎರಡ ವರ್ಷ ಇಲ್ಲಿ, ಎರಡ ವರ್ಷ ಫಾರಿನ್‌ನ್ಯಾಗ ಅಂತ್ರಿ. ಡಿಗ್ರಿ ಅವರದ ಬರ್ತೈತಂತ. ಮಡ್ಡಿ ಹೊಲ ಇರ್ಲಿ, ಎರಿ ಹೊಲ ಮಾರಿದ್ರ ಆಕ್ಕೈತಿ. ನೀವು ಏನ್ ಹೇಳ್ತೀರಿ?” ಎಂದು ಕೇಳಿದ. ನಾನು ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಲ್ಲಿ ಹಸಿರು ಹುಲ್ಲುಹಾಸು ಇತ್ತು, ಹಿಮ ಇತ್ತು, ನಗುವ ಹುಡುಗ ಹುಡುಗಿಯರಿದ್ದರು. ಯಾವ ಅಧ್ಯಾಪಕರು ಪಾಠ ಮಾಡುತ್ತಾರೆ, ಯಾವ ಪ್ರಯೋಗಶಾಲೆಯಲ್ಲಿ ಏನನ್ನು ಕಲಿಯುತ್ತಾರೆ, ನಡುವೆ ವೀಸಾ ಸಿಗದಿದ್ದರೆ ಹುಡುಗನ ಗತಿ ಏನು — ಈ ಮೂರರಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ‘ಇವನ್ನು ಲಿಖಿತವಾಗಿ ಕೇಳು, ಉತ್ತರ ಬರುವವರೆಗೆ ಎರೆ ಹೊಲದ ಉತಾರ ಪೆಟ್ಟಿಗೆಯಲ್ಲೇ ಇರಲಿ’ ಎಂದು ಹೇಳಿ ಕಳಿಸಿದೆ.

ಇಷ್ಟು ಓದಿದವರು ‘ಮಾಸ್ತರರು ಮುದುಕರಾದರು, ಪರದೇಶ ಎಂದರೆ ಸಿಡುಕುತ್ತಾರೆ’ ಎಂದುಕೊಂಡರೆ ಅದು ಅನ್ಯಾಯ. ನಮ್ಮ ನಾಡಿನ ವಿಜ್ಞಾನದ ದೊಡ್ಡ ಮನೆಯ ಅಡಿಗಲ್ಲಿನಲ್ಲಿಯೇ ಹೊರಗಿನವರ ಕೈಯಿದೆ. ಜಮಶೆಟ್‌ಜಿ ಟಾಟಾ ಅವರು ಕನಸಿದ ವಿಜ್ಞಾನ ಸಂಸ್ಥೆಗೆ ತಕ್ಕ ಸ್ಥಳವಾವುದೆಂದು ನೋಡಲು 1900ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಬಂದರು, ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನ ಭೂಮಿ ಕೊಟ್ಟಿತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ನಿರ್ದೇಶಕರಾದವರು ಮಾರಿಸ್ ಟ್ರ್ಯಾವರ್ಸ್. ಇಲ್ಲಿ ಗಮನಿಸಬೇಕಾದುದು ಒಂದಿದೆ. ಪರಿಣತರು ಅಲ್ಲಿಂದ ಇಲ್ಲಿಗೆ ಬಂದರು. ಸಂಸ್ಥೆ ಇಲ್ಲಿಯೇ ಉಳಿಯಿತು.

ಸ್ವಾತಂತ್ರ್ಯಾನಂತರದ ಐ.ಐ.ಟಿ.ಗಳ ಕಥೆಯೂ ಹೀಗೆಯೇ. ಮುಂಬಯಿಗೆ ಸೋವಿಯತ್ ನೆರವು, ಮದ್ರಾಸಿಗೆ ಪಶ್ಚಿಮ ಜರ್ಮನಿಯ ನೆರವು, ದೆಹಲಿಗೆ ಬ್ರಿಟನ್ನಿನ ನೆರವು, ಕಾನ್ಪುರಕ್ಕೆ ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳ ನೆರವು. ಕಾನ್ಪುರದ ಕಾರ್ಯಕ್ರಮ 1962ರಿಂದ 1972ರವರೆಗೆ ಹತ್ತು ವರ್ಷ ನಡೆಯಿತು. ಅಮೆರಿಕದ ಅಧ್ಯಾಪಕರು ಕಾನ್ಪುರದಲ್ಲಿಯೇ ವಾಸವಿದ್ದು ಪಾಠ ಮಾಡಿದರು. 1963ರಲ್ಲಿ ಅಲ್ಲಿಗೆ ಐ.ಬಿ.ಎಂ. 1620 ಗಣಕಯಂತ್ರ ಬಂತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸದೆ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಅಲ್ಲಿ ಪಾಠ ಹೇಳಿದ ಪ್ರೊ. ವಿ. ರಾಜಾರಾಮನ್ ಅವರು ನಮ್ಮ ಹುಡುಗರು ಕೊಳ್ಳಬಹುದಾದ ಅಗ್ಗದ ಬೆಲೆಯಲ್ಲಿ ಪ್ರೋಗ್ರಾಮಿಂಗ್ ಪಠ್ಯಗಳನ್ನು ಬರೆದರು. ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೂ ಬಂದು ಸೇವೆ ಸಲ್ಲಿಸಿದರು. ನಮ್ಮ ನಾರಾಯಣಮೂರ್ತಿಯವರು 1969ರಲ್ಲಿ ಎಂ.ಟೆಕ್. ಪಡೆದದ್ದು ಇದೇ ಕಾನ್ಪುರದಲ್ಲಿ. ಅಲ್ಲಿ ಕಲಿತ ಅನೇಕರು ವಿಮಾನ ಹತ್ತಿ ಹೋದರೆಂಬುದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಗುರುಗಳು, ಯಂತ್ರ, ಪುಸ್ತಕ, ವಿಭಾಗ ಇವು ನೆಲಕಚ್ಚಿ ನಿಂತವು. ಹತ್ತು ವರ್ಷದ ಒಡಂಬಡಿಕೆ ಮುಗಿದ ಮೇಲೂ ಮನೆ ಬಿದ್ದುಹೋಗಲಿಲ್ಲ.

ಇದಕ್ಕಿಂತಲೂ ನನಗೆ ಹತ್ತಿರವಾದ ಉದಾಹರಣೆ ಪ್ರೊ. ಅಮೂಲ್ಯ ರೆಡ್ಡಿಯವರದು. ‘ಅಸ್ತ್ರ ಒಲೆ’ ನಿಮ್ಮಲ್ಲಿ ಹಲವರ ಮನೆಯ ಅಡಿಗೆಕೋಣೆಯಲ್ಲಿ ಇದ್ದಿರಬಹುದು. ಆ ಹೆಸರು ಎಲ್ಲಿಂದ ಬಂತೆಂದು ಬಲ್ಲವರು ಕಡಿಮೆ. 1974ರಲ್ಲಿ ರೆಡ್ಡಿಯವರು ವಿಜ್ಞಾನ ಸಂಸ್ಥೆಯಲ್ಲಿ, ಗ್ರಾಮಗಳಿಗಾಗಿ ವಿಜ್ಞಾನ-ತಂತ್ರಜ್ಞಾನವನ್ನು ಅಳವಡಿಸಲೆಂದೇ ಕಟ್ಟಿದ ಕೇಂದ್ರದ ಹೆಸರು ‘ಅಸ್ತ್ರ’. ಅವರ ತಂಡದವರು ಕುಣಿಗಲ್ ತಾಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಿಗೆ ಹೋಗಿ, ಒಂದು ಹಳ್ಳಿಗೆ ಎಷ್ಟು ಶಕ್ತಿ ಬೇಕು, ಅದು ಎಲ್ಲಿಂದ ಬರುತ್ತದೆ, ಅದಕ್ಕಾಗಿ ಯಾರು ಎಷ್ಟು ದುಡಿಯುತ್ತಾರೆ ಎಂದು ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಸಿಕ್ಕ ಉತ್ತರ ದಿಲ್ಲಿಯ ಕಚೇರಿಗಳ ಲೆಕ್ಕದಲ್ಲಿ ಇರಲಿಲ್ಲ: ಹಳ್ಳಿಯ ಶಕ್ತಿಯ ಬಹುಪಾಲು ಒಲೆಯ ಕಟ್ಟಿಗೆ, ಅದನ್ನು ಹೊತ್ತು ತರುವವರಲ್ಲಿ ಹೆಂಗಸರೂ ಮಕ್ಕಳೂ ಮುಖ್ಯರು!

ಈ ಲೆಕ್ಕವನ್ನು ಕೈಯಲ್ಲಿ ಹಿಡಿದೇ ರೆಡ್ಡಿಯವರು ಅಮೆರಿಕದ ಪ್ರಿನ್ಸ್‌ಟನ್‌ನ ರಾಬರ್ಟ್ ವಿಲಿಯಮ್ಸ್, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಥಾಮಸ್ ಯೊಹಾನ್ಸನ್, ಬ್ರೆಜಿಲ್ಲಿನ ಸಾವೊ ಪಾಲೊದ ಜೋಸೆ ಗೋಲ್ಡೆಂಬರ್ಗ್ ಇವರೊಡನೆ ಕುಳಿತರು. ನಾಲ್ಕು ದೇಶಗಳ ನಾಲ್ವರು ಸೇರಿ ಬರೆದ ಗ್ರಂಥ 1988ರಲ್ಲಿ ಪ್ರಕಟವಾಯಿತು. 2000ದಲ್ಲಿ ನಾಲ್ವರಿಗೂ ಕೂಡಿಯೇ ವೋಲ್ವೊ ಪರಿಸರ ಪ್ರಶಸ್ತಿ ಬಂತು. ಅಂತರರಾಷ್ಟ್ರೀಯ ಸಹಯೋಗವೆಂದರೆ ಇದು. ಉಂಗ್ರದ ಲೆಕ್ಕವಿಲ್ಲದಿದ್ದರೆ ಅಂಥ ಮೇಜಿನ ಮುಂದೆ ಅವರೂ ಕೇಳುಗರಾಗಿ ಕೂರಬೇಕಾಗುತ್ತಿತ್ತು. ಆ ಲೆಕ್ಕ ಇದ್ದುದರಿಂದ ಹೇಳುವವರಾಗಿ ಕುಳಿತರು.

ಇನ್ನು ನಮ್ಮೂರಿನ ಕಡೆ ಕಣ್ಣು ಹಾಯಿಸೋಣ. ಗಜೇಂದ್ರಗಡದ ಗುಡ್ಡದ ಸಾಲಿನ ಮೇಲೂ ಸುತ್ತಲ ಎರೆ ಹೊಲಗಳ ನಡುವೆಯೂ ಮೂರು ರೆಕ್ಕೆಯ ಪವನಯಂತ್ರಗಳು ತಿರುಗುತ್ತಿರುವುದನ್ನು ಊರಿಗೆ ಬಂದಾಗಲೆಲ್ಲ ನೋಡಿದ್ದೀರಿ. ಈ ಯಂತ್ರದ ವಂಶಾವಳಿ ಗೊತ್ತೇ? ಡೆನ್ಮಾರ್ಕಿನ ಆಸ್ಕೊವ್ ಎಂಬ ಹಳ್ಳಿಯ ಜನತಾ ಪ್ರೌಢಶಾಲೆಯಲ್ಲಿ ಪಾಲ್ ಲ ಕೂರ್ ಎಂಬ ಮಾಸ್ತರರಿದ್ದರು. ಹೌದು, ನನ್ನಂಥ ಹಳ್ಳಿ ಮಾಸ್ತರರೇ! ಅವರು 1891ರಲ್ಲಿ ಶಾಲೆಯ ಬಯಲಿನಲ್ಲಿ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತೆಗೆದರು. ಅಷ್ಟಕ್ಕೇ ಬಿಡದೆ ಹಳ್ಳಿಯ ಹುಡುಗರಿಗೆ ವಿದ್ಯುತ್ ಕೆಲಸದ ತರಬೇತಿಯನ್ನೂ ಕೊಟ್ಟರು. ಹಾಗೆ 1904ರಲ್ಲಿ ಕಲಿತ ಯೊಹಾನೆಸ್ ಯೂಲ್ ಎಂಬ ಶಿಷ್ಯ, ತನ್ನ ಇಳಿವಯಸ್ಸಿನಲ್ಲಿ, 1957ರಲ್ಲಿ, ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟಿನ ಮೂರು ರೆಕ್ಕೆಯ ಯಂತ್ರವನ್ನು ನಿಲ್ಲಿಸಿದ. ಇಂದು ಜಗತ್ತಿನಾದ್ಯಂತ ತಿರುಗುವ ಯಂತ್ರಗಳಿಗೆ ಅದು ಮುತ್ತಜ್ಜನಂತೆ.

ಅದೇ ಡೆನ್ಮಾರ್ಕಿನ ನೆರವಿನಿಂದ ತಮಿಳುನಾಡಿನ ಕಯತ್ತಾರಿನಲ್ಲಿ ಪವನಯಂತ್ರಗಳ ಪರೀಕ್ಷಾ ಕೇಂದ್ರ ಆಯಿತು. 1998ರಲ್ಲಿ ಚೆನ್ನೈಯಲ್ಲಿ ಅದಕ್ಕೆಂದೇ ರಾಷ್ಟ್ರೀಯ ಕೇಂದ್ರವೂ ಆಯಿತು. ನಮ್ಮ ಗಾಳಿಯೇನು ಕಡಿಮೆಯೇ? ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ 1998ರಲ್ಲಿ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು 1947ರಿಂದ ಇದೆ, ಈಗ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡದ ಐ.ಐ.ಟಿ. 2016ರಲ್ಲಿ ಆರಂಭವಾದಾಗ ಹಲವು ವರ್ಷ ತರಗತಿ ನಡೆದದ್ದು ಎಲ್ಲಿ? ನೆಲ-ಜಲ ನಿರ್ವಹಣೆಯ ಸಂಸ್ಥೆಯಾದ ವಾಲ್ಮಿಯ ಆವರಣದಲ್ಲಿ! ಇಂಥ ನೆರೆಹೊರೆಯಿದ್ದೂ ನಮ್ಮ ಮಕ್ಕಳಿಗೆ ಆ ಯಂತ್ರಗಳ ಬಳಿ ಸಿಗುವ ಕೆಲಸವೆಂದರೆ ಬಹುತೇಕ ಕಾವಲುಗಾರನದೇ ಆಗಿರುವುದು ನನ್ನನ್ನು ಚುಚ್ಚುತ್ತದೆ. ಇಪ್ಪತ್ತು ವರ್ಷ ದುಡಿದು ದಣಿದ ಯಂತ್ರದ ರೆಕ್ಕೆ ಗಾಜುನಾರಿನದು. ಅದನ್ನು ಕರಗಿಸಿ ಮರಳಿ ಬಳಸುವುದು ಬಲು ಕಷ್ಟ. ನಾಳೆ ಅವನ್ನೆಲ್ಲ ಯಾರ ಹೊಲದಲ್ಲಿ ಒಗೆಯುತ್ತಾರೆ? ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದೊಡನೆ ಒಡಂಬಡಿಕೆ ಮಾಡಿಕೊಳ್ಳುವುದಾದರೆ ಈ ಪ್ರಶ್ನೆಯನ್ನು ಇಟ್ಟುಕೊಂಡು ಮಾಡಿಕೊಳ್ಳಲಿ, ನಾನೇ ಹಾರ ಒಯ್ಯುತ್ತೇನೆ.

ಇನ್ನೊಂದು, ನಮ್ಮ ಕಾಲ ಕೆಳಗಿನ ಎರೆ ಮಣ್ಣು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಮಣ್ಣಿನಲ್ಲಿ ಕಟ್ಟಿದ ಮನೆಯ ಗೋಡೆ ಸೀಳುವುದು, ರಸ್ತೆ ಕುಸಿಯುವುದು ನಮಗೆ ದಿನದ ಅನುಭವ. ಇಂಥ ಉಬ್ಬುವ ಕರಿಮಣ್ಣು ಅಮೆರಿಕದ ಟೆಕ್ಸಾಸ್‌ನಲ್ಲಿದೆ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿದೆ, ಸುಡಾನಿನ ಗೆಜಿರಾದಲ್ಲಿದೆ. ಬೀಗತನ ಮಾಡುವಾಗ ನಮ್ಮ ಹಿರಿಯರು ಹೊಲ ಎಂಥದು, ಬಾವಿಗೆ ನೀರಿದೆಯೇ ಎಂದು ನೋಡುತ್ತಿದ್ದರು. ವಿಶ್ವವಿದ್ಯಾಲಯಗಳ ಬೀಗತನಕ್ಕೂ ಮಣ್ಣೇ ಜಾತಕವಾಗಬೇಕಿತ್ತು. ಆದರೆ ನೋಡುವುದು ಯಾವುದನ್ನು? ಶ್ರೇಯಾಂಕವನ್ನು! 2022ರ ಯು.ಜಿ.ಸಿ. ನಿಯಮದಂತೆ ನಮ್ಮ ಅರ್ಹ ಸಂಸ್ಥೆಗಳು ಜಾಗತಿಕ ಪಟ್ಟಿಯ ಮೊದಲ 1000ದೊಳಗಿನ ವಿಶ್ವವಿದ್ಯಾಲಯಗಳೊಡನೆ ಪದವಿ ಸಹಯೋಗಕ್ಕೆ ಬೇರೆ ಅನುಮತಿಯಿಲ್ಲದೆ ಕೈಜೋಡಿಸಬಹುದು. ಪಟ್ಟಿಯಲ್ಲಿ ಮೇಲೇರಲು ಬೇಕಾದ ಹಣ ಸುಡಾನಿನಂಥ ಬಡ, ಯುದ್ಧಪೀಡಿತ ನಾಡಿಗೆ ಎಲ್ಲಿಂದ ಬಂದೀತು? ನಮ್ಮಂಥದೇ ಮಣ್ಣಿನವರು ಈ ಬಾಗಿಲಲ್ಲಿ ನಿಲ್ಲುವುದೇ ಇಲ್ಲ.

2023ರ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲ 500ರೊಳಗಿನ ಅಥವಾ ವಿಶೇಷ ಪರಿಣತಿಯ ವಿದೇಶೀ ವಿಶ್ವವಿದ್ಯಾಲಯ ಇಲ್ಲಿಯೇ ಶಾಖೆ ತೆರೆಯಬಹುದು, ಶುಲ್ಕವನ್ನು ತಾನೇ ಗೊತ್ತುಪಡಿಸಬಹುದು, ವಿದೇಶೀ ವಿನಿಮಯ ಕಾಯಿದೆಗೆ ಒಳಪಟ್ಟು ಹಣವನ್ನು ಗಡಿಯಾಚೆಗೆ ಸಾಗಿಸಲೂಬಹುದು. 2025ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಶಾಖೆ ತೆರೆಯಲು ಒಪ್ಪಿಗೆ ದೊರೆಯಿತು. ಆಗ ಪ್ರಕಟವಾದ ಕೋರ್ಸುಗಳಲ್ಲಿ ವ್ಯವಹಾರ ನಿರ್ವಹಣೆ, ಲೆಕ್ಕಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಗೇಮ್ ವಿನ್ಯಾಸ ಇವೆಲ್ಲ ಇದ್ದವು. ತಪ್ಪೆಂದು ನಾನು ಹೇಳೆನು. ಕೊಳ್ಳುವವರಿರುವ ಕಡೆ ಅಂಗಡಿ ತೆರೆಯುತ್ತದೆ. ಆದರೆ ಅಂಗಡಿಯನ್ನು ಅಂಗಡಿಯೆಂದು ಕರೆಯೋಣ, ಜ್ಞಾನ ವಿನಿಮಯವೆಂದು ಬೇಡ. ಇದೇ ಮಾತು ನಮಗೂ ಅನ್ವಯಿಸುತ್ತದೆ. ಮದ್ರಾಸ್ ಐ.ಐ.ಟಿ. 2023ರಲ್ಲಿ ಜಾಂಜಿಬಾರಿನಲ್ಲಿ ಶಾಖೆ ತೆರೆಯಿತಲ್ಲ. ಅಲ್ಲಿಯ ಮಾಸ್ತರನೊಬ್ಬ ನಾನು ಕೇಳಿದಂತೆಯೇ ನಮ್ಮನ್ನು ಕೇಳಿದರೆ ಉತ್ತರ ಕೊಡಲು ನಾವು ಸಿದ್ಧರಿರಬೇಕು.

‘ಕೊಡುವವರು ಕೊಡುತ್ತಾರೆ, ಹೋಗುವವರು ಹೋಗುತ್ತಾರೆ, ಬಲವಂತ ಯಾರಿಗಿದೆ?’ ಎಂದು ವಾದಿಸುವವರಿದ್ದಾರೆ. ಬಲವಂತವಿಲ್ಲ ನಿಜ. ಆದರೆ ಹತ್ತಿರದ ಕಾಲೇಜಿನಲ್ಲಿ ಒಳ್ಳೆಯ ಪ್ರಯೋಗಶಾಲೆ, ಒಳ್ಳೆಯ ಗುರು ಸಿಗದೆ ಹೋದಾಗ, ಎರೆ ಹೊಲ ಮಾರುವುದು ಆಯ್ಕೆಯೆನಿಸುವುದಿಲ್ಲ, ಅನಿವಾರ್ಯವೆನಿಸುತ್ತದೆ. ನಮ್ಮ ಸಂಸ್ಥೆಗಳ ಹಿರಿಯರ ಹೊತ್ತೂ ಶಕ್ತಿಯೂ ಪೇಟ ತೊಡಿಸುವುದರಲ್ಲೇ ಕಳೆದುಹೋದರೆ ಆ ಪ್ರಯೋಗಶಾಲೆಯನ್ನು ಯಾರು ಕಟ್ಟಬೇಕು?

ಆದ್ದರಿಂದ ಪ್ರತಿಯೊಂದು ಒಡಂಬಡಿಕೆಗೂ ಮೂರು ಪ್ರಶ್ನೆ ಕೇಳಬೇಕು. ಒಂದು, ಇದರಲ್ಲಿ ಬಿಡಿಸಹೊರಟಿರುವ ಸಮಸ್ಯೆ ಯಾರದು? ಎರಡು, ಪಯಣ ಎರಡೂ ದಿಕ್ಕಿಗೆ ಇದೆಯೇ. ಅಲ್ಲಿಯ ಅಧ್ಯಾಪಕರು ಒಂದು ವರ್ಷವಾದರೂ ಇಲ್ಲಿ ಇದ್ದು ಕಲಿಸುತ್ತಾರೆಯೇ? ಮೂರು, ಕಾಗದದ ಅವಧಿ ಮುಗಿದ ಮೇಲೆ ಇಲ್ಲಿ ಉಳಿಯುವುದೇನು, ಅದು ಕನ್ನಡದಲ್ಲಿ ಸಿಗುತ್ತದೆಯೇ? ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲಿಯೇ ಅವಕಾಶ ದೊರೆತಿದೆ. ಪವನಯಂತ್ರದ ದುರಸ್ತಿಯ ಒಂದು ಒಳ್ಳೆಯ ಕೈಪಿಡಿ ಕನ್ನಡದಲ್ಲಿ ಬಂದರೆ ಅದು ನೂರು ಶಾಲುಗಳಿಗಿಂತ ಮೇಲು.

ಕಡೆಯದಾಗಿ, ಹೊರನಾಡಿನಲ್ಲಿರುವ ನಿಮಗೆ. ಟೆಕ್ಸಾಸ್‌ನಲ್ಲಿ, ಜರ್ಮನಿಯಲ್ಲಿ, ಸಿಂಗಪುರದಲ್ಲಿ ನಿಮ್ಮಲ್ಲಿ ಕೆಲವರಿದ್ದೀರಿ; ಊರ ಶಾಲೆಗೆ ಬಹುಮಾನ, ಗಡಿಯಾರ, ಫಲಕ ಕೊಡಿಸುತ್ತೀರಿ, ಸಂತೋಷ. ಆದರೆ ಅದಕ್ಕಿಂತ ದೊಡ್ಡ ಕೊಡುಗೆ ನಿಮ್ಮ ಕೈಯಲ್ಲಿದೆ. ನೀವು ಓದಿದ, ನೀವು ಕಲಿಸುತ್ತಿರುವ ವಿಶ್ವವಿದ್ಯಾಲಯಕ್ಕೆ ನಮ್ಮ ಎರೆ ಮಣ್ಣಿನ ಪ್ರಶ್ನೆಯನ್ನು, ದಣಿದ ರೆಕ್ಕೆಯ ಪ್ರಶ್ನೆಯನ್ನು, ಮಳೆಗಾಲದಲ್ಲಿ ಗೋದಾಮಿನಲ್ಲೇ ಕೊಳೆತುಹೋಗುವ ಉಳ್ಳಾಗಡ್ಡಿಯ ಪ್ರಶ್ನೆಯನ್ನು ಒಯ್ಯಿರಿ. ರಜೆಗೆಂದು ಬಂದಾಗ ಹದಿನೈದು ದಿನ ಹೆಚ್ಚಿಗೆ ಇದ್ದು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಬೆಳಗಾವಿಯಲ್ಲೋ ಪಾಠ ಮಾಡಿರಿ. ಪ್ರಶ್ನೆ ಕೇಳುವುದನ್ನು ನಿಮಗೆ ತರಗತಿಯಲ್ಲಿ ಕಲಿಸಿದ್ದೇನೆಂದು ನಂಬಿದ್ದೇನೆ. ಈಗ ಕೇಳಬೇಕಾದವರನ್ನು ಕೇಳಿರಿ, ಮತ್ತು ಬಂದ ಉತ್ತರವನ್ನು ನನಗೂ ಬರೆದು ತಿಳಿಸಿರಿ.