ಶಿಕ್ಷೆಯೊಂದೇ ಸಾಲದು, ಹಣ ಮರಳಬೇಕು

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ನಮ್ಮ ಹಿರಿಯರ ಗಾದೆ. ಮೋಸದ ಮೊಕದ್ದಮೆಗಳ ಮಟ್ಟಿಗೆ ಅದು ಇಂದಿಗೂ ಸುಳ್ಳಾಗಿಲ್ಲ.

ಬಾಗಲಕೋಟೆಯ ಗಿರಣಿ ಕಾರ್ಮಿಕ ಹೆಚ್ಚಿನ ಬಡ್ಡಿಯ ಮಾತು ನಂಬಿ ದುಡಿದ ಹಣ ಕಟ್ಟುತ್ತಾನೆ. ಇಳಕಲ್ಲಿನ ಸಣ್ಣ ಸೀರೆ ವ್ಯಾಪಾರಿ ಪರಊರಿನ ಸಾವಕಾರನ ಚೆಕ್ಕು ನಂಬಿ ಮಾಲು ಕಳಿಸುತ್ತಾನೆ. ಹಣ ಮುಳುಗಿತೆಂದು ಪೊಲೀಸರ ಬಳಿ ಹೋದರೆ ಅನೇಕ ಸಲ ಸಿಗುವ ಉತ್ತರ ಒಂದೇ: "ಇದು ದಿವಾಣಿ ವ್ಯವಹಾರ."

ಕೊಟ್ಟ ಮಾತು ತಪ್ಪಿದ ಮಾತ್ರಕ್ಕೆ ಅದು ಮೋಸದ ಅಪರಾಧವಲ್ಲ, ಮೊದಲಿನಿಂದಲೂ ವಂಚಿಸುವ ಉದ್ದೇಶವಿರಬೇಕು ಎಂಬುದು ಕಾನೂನು. ತತ್ವ ಸರಿಯೇ. ಸಾಲ ತೀರಿಸಲಾರದ ಬಡವನನ್ನು ಜೈಲಿಗೆ ತಳ್ಳಬಾರದು. ಆದರೆ ಬಡವನ ರಕ್ಷಣೆಗಿರುವ ಈ ಗೋಡೆಯ ಮರೆಯಲ್ಲಿ ದೊಡ್ಡ ಕುಳಗಳು ಅಡಗುತ್ತಿವೆ.

ಹಳೆಯ ೪೨೦ನೆಯ ಕಲಮು ಹೋಗಿ, ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೩೧೮ನೆಯ ಕಲಮು ಬಂದಿದೆ. ಶಿಕ್ಷೆ ಮೊದಲಿನಂತೆಯೇ ಏಳು ವರ್ಷಗಳವರೆಗೆ. ಆದರೆ ಮೋಸಗಾರ ಜೈಲಿನಲ್ಲಿ ಕುಳಿತರೆ ಕಾರ್ಮಿಕನ ಮಗಳ ಮದುವೆ ಆಗುವುದೆ? ತಾರೀಖಿಗೊಮ್ಮೆ ಹುನಗುಂದಕ್ಕೋ ಬಾದಾಮಿಗೋ ಅಲೆಯುವವನಿಗೆ ಪ್ರತಿ ಸಲ ಒಂದು ದಿನದ ಪಗಾರ ಖೋತಾ. ವಕೀಲರ ಫೀ ಬೇರೆ.

ಬೆಂಗಳೂರಿನ ಐ.ಎಂ.ಎ. ಕಂಪನಿಯ ಒಡೆಯ ೨೦೧೯ರ ಜೂನಿನಲ್ಲಿ ದುಬೈಗೆ ಹೋದ. ಜುಲೈಯಲ್ಲಿ ಮರಳಿದಾಗ ದಿಲ್ಲಿಯಲ್ಲಿ ಬಂಧಿತನಾದ. ತನಿಖೆ ಸಿ.ಬಿ.ಐ.ಗೆ ಹೋಯಿತು. ಠೇವಣಿದಾರರ ಹಿತರಕ್ಷಣೆಗೆಂದು ರಾಜ್ಯವು ೨೦೦೪ರಲ್ಲೇ ಮಾಡಿದ ಕಾನೂನು ಕೈಯಲ್ಲಿತ್ತು. ಆದರೂ ಸಾವಿರಾರು ಕುಟುಂಬಗಳು ವರ್ಷಗಟ್ಟಲೆ ಕಾಯಬೇಕಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಚೆಕ್ಕಿನ ಮೊಕದ್ದಮೆಗಳದೂ ಇದೇ ಗತಿ. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾನೂನೇ ಹೇಳುತ್ತದೆ. ಆದರೆ ೨೦೧೯ರ ಕೊನೆಗೆ ದೇಶದಲ್ಲಿ ಇಂಥ ೩೫ ಲಕ್ಷಕ್ಕೂ ಹೆಚ್ಚು ಮೊಕದ್ದಮೆಗಳು ಬಾಕಿ ಇದ್ದವು. ೨೦೧೮ರ ತಿದ್ದುಪಡಿಯಂತೆ ವಿಚಾರಣೆ ನಡೆದಿರುವಾಗಲೇ ಚೆಕ್ಕಿನ ಮೊತ್ತದ ಶೇಕಡಾ ೨೦ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗಿದೆ. ವ್ಯಾಪಾರಿ ಬಂಧುಗಳು ಅದನ್ನು ಕೇಳಿ ಪಡೆಯಬೇಕು. ಗಡುವುಗಳನ್ನೂ ಮರೆಯಬಾರದು. ಚೆಕ್ಕು ಮರಳಿದ ಸುದ್ದಿ ಬ್ಯಾಂಕಿನಿಂದ ತಿಳಿದ ೩೦ ದಿನಗಳೊಳಗೆ ನೋಟೀಸು ಕೊಡಬೇಕು. ನೋಟೀಸು ತಲುಪಿದ ೧೫ ದಿನಗಳಲ್ಲಿ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ಫಿರ್ಯಾದಿ ಹಾಕಬೇಕು.

ಮೋಸದ ಮೊಕದ್ದಮೆಯಲ್ಲಿ ಮೊದಲ ಕೆಲಸ ಆಸ್ತಿ ಜಪ್ತಿಯಾಗಬೇಕು ಎಂಬುದು ನಮ್ಮ ಒತ್ತಾಯ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ೧೦೭ನೆಯ ಕಲಮಿನಂತೆ, ಪೊಲೀಸ್ ಸೂಪರಿಂಟೆಂಡೆಂಟರ ಒಪ್ಪಿಗೆ ಪಡೆದು ತನಿಖಾಧಿಕಾರಿ ಇದನ್ನು ಕೋರ್ಟಿನಲ್ಲಿ ಕೇಳಬಹುದು. ಅಪರಾಧದಿಂದ ಬಂದ ಆಸ್ತಿಯೆಂದು ಕೋರ್ಟು ಕಂಡುಕೊಂಡರೆ, ಅದನ್ನು ಜಿಲ್ಲಾ ದಂಡಾಧಿಕಾರಿಯ ಮೂಲಕ ನೊಂದವರಿಗೆ ಹಂಚಿಸಬಹುದು. ಹಂಚಿಕೆಗೆ ಗಡುವು ೬೦ ದಿನ. ಬಾಗಲಕೋಟೆ ಜಿಲ್ಲೆಯ ಪೊಲೀಸರು ಈ ಕಲಮನ್ನು ಪುಸ್ತಕದಲ್ಲೇ ಕೊಳೆಯಗೊಡಬಾರದು.

ಮೋಸ ಹೋದವರೂ ನಾಚಿ ಮನೆಯಲ್ಲಿ ಕೂಡಬಾರದು. ಒಬ್ಬೊಬ್ಬರೇ ಹೋದರೆ ಠಾಣೆಯ ಬಾಗಿಲಲ್ಲೇ ನಿಲ್ಲಬೇಕಾದೀತು. ಪಾವತಿ, ಲೆಕ್ಕದ ವಹಿ ಹಿಡಿದು ನೂರು ಜನ ಒಟ್ಟಾಗಿ ಹೋದರೆ ಫಿರ್ಯಾದಿ ಬರೆದುಕೊಳ್ಳದೆ ಗತ್ಯಂತರವಿಲ್ಲ. ದುಡಿದವನ ಹಣ ದುಡಿದವನಿಗೆ ಸೇರುವವರೆಗೆ ನ್ಯಾಯ ಪೂರ್ಣವಾಗದು.