ಅರ್ಜಿಗೆ ಮಾತ್ರ ಬೇಕಾದ ಕೇರಿ

ಪುರಸಭೆಯವರು ಸರ್ಕಾರದ ಹತ್ತಿರ ದುಡ್ಡು ಕೇಳಲು ಕೂತಾಗ ಮೊದಲು ನೆನಪಾಗುವುದು ನಾವು. ನಮ್ಮ ತಲೆ ಎಣಿಸುತ್ತಾರೆ. ನಮ್ಮ ಗುಡಿಸಲು ಎಣಿಸುತ್ತಾರೆ. ಮನೆ ಮುಂದಿನ ಕೊಚ್ಚೆಯ ಫೋಟೋ ತೆಗೀತಾರೆ. ಕಕ್ಕಸಿಲ್ಲದ ಮನೆ ಎಷ್ಟು, ನಲ್ಲಿಯಿಲ್ಲದ ಬೀದಿ ಎಷ್ಟು, ಬಸ್ಸು ಕಾಣದ ಕೇರಿ ಎಷ್ಟು, ಎಲ್ಲಾ ಬರಕೊಂಡು ಹೋಗುತ್ತಾರೆ. ನಮ್ಮ ಬಡತನಕ್ಕೂ ಇಷ್ಟು ಬೆಲೆಯುಂಟೇ ಎಂದು ನಮಗೇ ಬೆರಗಾಗಬೇಕು, ಹಾಗೆ ಬರೆಯುತ್ತಾರೆ. ದುಡ್ಡು ಬಂತೆನ್ನಿ. ಆಮೇಲೆ ಆ ಊರಿಗೆ ನಮ್ಮ ನೆನಪಾಗುವುದು ಎರಡೇ ಸಲ. ಹೊಸ ರಸ್ತೆ ಗುಡಿಸಲು ಆಳು ಬೇಕಾದಾಗ ಒಂದು ಸಲ, ಹೊಸ ಕಾಂಪ್ಲೆಕ್ಸಿಗೆ ಜಾಗ ಬೇಕಾದಾಗ ಇನ್ನೊಂದು ಸಲ.

ಇದನ್ನು ಹೊಟ್ಟೆಕಿಚ್ಚಿನ ಮಾತು ಎನ್ನುವವರಿಗೆ ಸವಣೂರನ್ನು ನೆನಪು ಮಾಡುತ್ತೇವೆ. ಹಾವೇರಿ ಜಿಲ್ಲೆಯ ಸವಣೂರು, 2010ರ ಜುಲೈ 20. ಭಂಗಿ ಸಮುದಾಯದ ನಮ್ಮ ಜನ ಪುರಸಭೆ ಕಚೇರಿಯ ಮುಂದೆ ನಿಂತು ಮನುಷ್ಯರ ಹೇಲನ್ನು ತಮ್ಮ ಮೈಗೆ ತಾವೇ ಬಳಿದುಕೊಂಡರು. ತಲೆತಲಾಂತರದಿಂದ ಆ ಊರಿನ ಕಕ್ಕಸು ಬಳಿದವರು ಅವರು. ಅವರು ಬಾಳುತ್ತಿದ್ದ ಜಾಗದ ಮೇಲೆ ಪುರಸಭೆಯ ಕಣ್ಣು ಬಿದ್ದಿತ್ತು. ಅಲ್ಲಿ ವಾಣಿಜ್ಯ ಸಂಕೀರ್ಣ ಎದ್ದು ನಿಲ್ಲಬೇಕು, ಅದಕ್ಕೆ ಇವರು ಎದ್ದು ಹೋಗಬೇಕು. ಬಾಯಲ್ಲಿ ಹೇಳಿದ್ದಕ್ಕೆ ಕಿವಿ ಸಿಗಲಿಲ್ಲ. ಹೇಲು ಬಳಿದುಕೊಂಡ ಮೇಲೆ ಸವಣೂರು ಎಲ್ಲಿದೆ ಎಂದು ದೇಶದ ಪತ್ರಿಕೆಗಳಿಗೆ ಗೊತ್ತಾಯಿತು, ಮನೆ ಕೊಡುತ್ತೇವೆ ಕೆಲಸ ಕೊಡುತ್ತೇವೆ ಎಂಬ ಭರವಸೆಗಳು ಹುಟ್ಟಿದವು. ಮಲ ಹೊರಿಸುವುದನ್ನು ನಿಷೇಧಿಸಿದ ಕೇಂದ್ರದ ಕಾನೂನು 1993ರದು. ಸವಣೂರು ನಡೆದದ್ದು ಅದಾದ 17 ವರ್ಷಕ್ಕೆ. ಸಮಾಜ ಪಾಠದಲ್ಲಿ 'ಪುರಸಭೆಯ ಕರ್ತವ್ಯಗಳು' ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಮೇಷ್ಟ್ರುಗಳು ಈ ತಾರೀಖನ್ನೂ ಬೋರ್ಡಿನ ಮೇಲೆ ಬರೆಯಲಿ.

ಈ ರಾಜ್ಯದಲ್ಲಿ ಆ ಕಾನೂನಿಗಿಂತ ಮೊದಲೇ ತಲೆ ಮೇಲೆ ಮಲ ಹೊರುವುದು ನಿಲ್ಲಬೇಕು ಎಂದು ಹುಕುಂ ಮಾಡಿದ ಮಂತ್ರಿಯೊಬ್ಬರಿದ್ದರು. ಬಿ. ಬಸವಲಿಂಗಪ್ಪ. ಅರಸು ಸಂಪುಟದಲ್ಲಿ ಪೌರಾಡಳಿತ ಅವರ ಕೈಲಿತ್ತು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರಾಡಿದ 'ಬೂಸಾ' ಎಂಬ ಒಂದು ಮಾತಿಗೆ ನಾಡೆಲ್ಲ ಹೊತ್ತಿಕೊಂಡಿತು, ಅವರ ಮಂತ್ರಿಗಿರಿ ಹೋಯಿತು. ಸಾಹಿತ್ಯದ ಮಾನ ಕಾಯಲು ಬೀದಿಗಿಳಿದವರಿಗೆ ಊರಿನ ಹೇಲಿನ ಬುಟ್ಟಿಗೆ ಕೈ ಹಾಕಿದ ಮಂತ್ರಿ ಇವನೇ ಎಂಬುದು ಮರೆತುಹೋಗಿತ್ತೇ? ಆ ಸಿಟ್ಟಿಗೂ ಈ ಬುಟ್ಟಿಗೂ ಸಂಬಂಧವಿಲ್ಲ ಎಂದರೆ ನಾವಂತೂ ನಂಬೋದಿಲ್ಲ.

ಈಗಿನ ಕಾಲದ ಅರ್ಜಿ ಹೇಗಿರುತ್ತದೆ ಎಂದು ತಿಳಿಯಲು ಸ್ಮಾರ್ಟ್ ಸಿಟಿ ಸಾಕು. 2015ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ತಂದಿತು. 100 ನಗರ, ಕೇಂದ್ರದ ಪಾಲು 48 ಸಾವಿರ ಕೋಟಿ ರೂಪಾಯಿ. ಯಾವ ಊರಿನ ಹೊಟ್ಟೆ ಎಷ್ಟು ಖಾಲಿ ಅಂತ ನೋಡಿ ಹಂಚಲಿಲ್ಲ. ಊರೂರುಗಳ ನಡುವೆ ಪಂದ್ಯ ಇಟ್ಟರು. ಚೆನ್ನಾಗಿ ಅರ್ಜಿ ಬರೆದವರಿಗೆ ಮೊದಲ ಪಂಕ್ತಿ. ಬೆಳಗಾವಿ, ದಾವಣಗೆರೆ 2016ರ ಜನವರಿಯಲ್ಲಿ ಗೆದ್ದವು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ತುಮಕೂರು, ಶಿವಮೊಗ್ಗ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಬೆಂಗಳೂರು 2017ರಲ್ಲಿ. ಅರ್ಜಿಯ ನಿಯಮ ನೋಡಿ. ಊರಿನಲ್ಲಿ ಒಂದು ತುಂಡು ನೆಲ ಆರಿಸಿಕೊಳ್ಳಬೇಕು. ಇದ್ದದ್ದನ್ನೇ ಸರಿಮಾಡುವುದಾದರೆ 500 ಎಕರೆ, ಕೆಡವಿ ಕಟ್ಟುವುದಾದರೆ 50 ಎಕರೆ. ದುಡ್ಡಿನ ಬಹುಪಾಲು ಆ ತುಂಡಿಗೇ. ತುಂಡಿನ ಗೆರೆ ಎಳೆಯುವ ಪೆನ್ಸಿಲ್ಲು ಯಾರ ಕೈಲಿರುತ್ತದೆ, ಆ ಗೆರೆ ಯಾರ ಮನೆ ಬಾಗಿಲಿಗೆ ಬಂದು ತಿರುಗಿಕೊಳ್ಳುತ್ತದೆ, ಕೇರಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಗೆದ್ದ ಮೇಲೆ ಇನ್ನೊಂದು ಆಟ. ಆ ದುಡ್ಡು ಖರ್ಚು ಮಾಡುವುದು ಪಾಲಿಕೆಯ ಸಭೆಯಲ್ಲ. ಅದಕ್ಕೊಂದು ಕಂಪನಿ ಕಟ್ಟಬೇಕು. ಷೇರು ರಾಜ್ಯ ಸರ್ಕಾರಕ್ಕೆ ಅರ್ಧ, ಪಾಲಿಕೆಗೆ ಅರ್ಧ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯಿಂದ ನಗರಗಳ ಸಭೆಗಳಲ್ಲಿ ನಮಗೆ ಮೀಸಲು ಸ್ಥಾನದ ಸಂವಿಧಾನದ ಹಕ್ಕು ಬಂತು. ಮೀಸಲಾತಿ ಪಾಲಿಕೆಯ ಕುರ್ಚಿಗೆ ಇದೆ, ಕಂಪನಿಯ ಬೋರ್ಡಿಗೆ ಇಲ್ಲ. ಕೇರಿಯಿಂದ ಗೆದ್ದುಹೋದ ಅಕ್ಕ ಸಭೆಯಲ್ಲಿ ಎದ್ದು ನಿಂತು, 'ನಮ್ಮ ಬೀದಿಗೆ ಏನು ಇಟ್ಟೀರಿ ಸ್ವಾಮಿ?' ಎಂದರೆ, 'ಅದು ಕಂಪನಿಗೆ ಸೇರಿದ್ದಮ್ಮ, ಇಲ್ಲಿ ಬರೋದಿಲ್ಲ' ಎಂದು ಕೂರಿಸಲು ಸಾಕಾಗುವಷ್ಟು ಗೋಡೆ ಎದ್ದಿತು. ನಾವು ಹೊಸ್ತಿಲು ದಾಟುವ ಹೊತ್ತಿಗೆ ಅವರು ಮನೆಯನ್ನೇ ಆಚೆಗೆ ಸರಿಸಿಕೊಂಡಿರುತ್ತಾರೆ.

ಶಿವಮೊಗ್ಗದ ಕನ್ಸರ್ವೆನ್ಸಿ ಗಲ್ಲಿಗಳ ಮಾತು ಬೇರೆಯಾಗೇ ಹೇಳಬೇಕು. ಮನೆಸಾಲುಗಳ ಬೆನ್ನ ಹಿಂದೆ ಓಡುವ ಓಣಿಗಳವು. ಏನನ್ನು ಕಾಪಾಡುವ ಗಲ್ಲಿಯಪ್ಪಾ ಇದು ಎಂದು ಇಂಗ್ಲಿಷ್ ಬಲ್ಲ ಹುಡುಗರು ಕೇಳಬಹುದು. ಮಡಿಯನ್ನು ಕಾಪಾಡುವ ಗಲ್ಲಿ. ಮುಂಬಾಗಿಲಲ್ಲಿ ದೇವರು ಬರಬೇಕು, ನೆಂಟರು ಬರಬೇಕು, ದುಡ್ಡು ಬರಬೇಕು. ಹೇಲು ತೆಗೆಯುವ ನಮ್ಮಜ್ಜಿಯರು ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಬೇಕು, ಯಾರ ಕಣ್ಣಿಗೂ ಬೀಳಬಾರದು. ಇಂಥ ಗಲ್ಲಿ ತಾನಾಗಿ ಆದದ್ದಲ್ಲ. ಊರಿನ ನಕ್ಷೆ ಬರೆಯುವಾಗಲೇ ಎಳೆದ ಗೆರೆ. ಮನುಸ್ಮೃತಿಯನ್ನು ಇಂಜಿನಿಯರು ಓದಿರಬೇಕಾಗಿಲ್ಲ, ಅಡಿಕೋಲಿಗೆ ಅದು ಗೊತ್ತಿರುತ್ತದೆ. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಆ ಗಲ್ಲಿಗಳಿಗೆ ಹಾಸುಗಲ್ಲು ಬಂತು, ಬಣ್ಣ ಬಂತು. ಬೇಡ ಎನ್ನೋದಿಲ್ಲ, ಕಸ ತುಂಬಿದ ಕತ್ತಲ ಓಣಿ ನಡೆದಾಡುವ ದಾರಿಯಾದರೆ ಒಳ್ಳೆಯದೇ. ಆದರೆ ಆ ಓಣಿ ಯಾರ ಕಾಲು ಸವೆದು ಆದದ್ದು ಎಂದು ಬರೆದ ಕಲ್ಲೊಂದನ್ನು ಪ್ರತಿ ಗಲ್ಲಿಯ ಬಾಯಲ್ಲೂ ನಿಲ್ಲಿಸಿ ಎಂಬುದು ನಮ್ಮ ಬೇಡಿಕೆ. ಪಕ್ಕದ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ ಜಿಲ್ಲೆ ಇದು. ಇಷ್ಟು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಲ್ಲು ನಿಲ್ಲಿಸಲು ಯೋಜನೆ ಬೇಕಾಗಿಲ್ಲ.

'ರಸ್ತೆಗೆ ಜಾತಿ ಇದೆಯೇನ್ರೀ? ರಸ್ತೆ ಎಲ್ಲರದೂ ಅಲ್ವಾ?' ಎಂದು ಕೇಳುವ ಒಳ್ಳೆಯ ಮನುಷ್ಯರು ಎಲ್ಲ ಕಾಲೇಜುಗಳಲ್ಲೂ ಸಿಗುತ್ತಾರೆ. ರಸ್ತೆಯ ಜಾತಿ ಅದು ಶುರುವಾಗುವ ಕಡೆ ಕಾಣೋದಿಲ್ಲ ಸ್ವಾಮಿ, ನಿಲ್ಲುವ ಕಡೆ ಕಾಣುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ವಿಶ್ವಬ್ಯಾಂಕಿನ ಸಾಲವನ್ನೂ ತಂದು ಸುಮಾರು 22 ಕಿಲೋಮೀಟರ್ ಬಸ್ಸಿಗೇ ಬೇರೆ ದಾರಿ ಮಾಡಿದರು. 2018ರಲ್ಲಿ ಓಡಿಸಿ ನೋಡಿದರು, 2020ರ ಫೆಬ್ರವರಿಯಲ್ಲಿ ಉಪರಾಷ್ಟ್ರಪತಿ ಬಂದು ಉದ್ಘಾಟನೆಯಾಯಿತು. ಬೇರೆ ಬಾವಿ, ಬೇರೆ ಲೋಟ ಕಂಡ ನಮಗೆ ಬೇರೆ ದಾರಿ ಹೊಸದೇನಲ್ಲ! ತಮಾಷೆ ಇರಲಿ, ಚಿಗರಿ ಬಸ್ಸಿನಲ್ಲಿ ನಮ್ಮವರೂ ಕೂರುತ್ತಾರೆ, ಅದು ಸಾರ್ವಜನಿಕ ಬಸ್ಸು. ನಮ್ಮ ತಕರಾರು ಅರ್ಜಿಗಳ ಮೇಲೆ. ಅರ್ಜಿಯಲ್ಲಿ ಸಾರಿಗೆ ಎಂದರೆ ಟರ್ಮಿನಲ್ಲು, ಮೇಲ್ಸೇತುವೆ, ಕಲ್ಲು ಹಾಸಿದ ಫುಟ್‌ಪಾತು. ಬೆಳಗಿನ ಜಾವ ಐದಕ್ಕೆ ಆ ಫುಟ್‌ಪಾತು ಗುಡಿಸಲು ಹೊರಡುವ ಹೆಂಗಸು ಯಾವ ಬಸ್ಸಿಗೆ ಬರಬೇಕು ಎಂಬುದು ಅದರಲ್ಲಿ ಇರೋದಿಲ್ಲ. 2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾಯಿತು. ಸಂತೋಷ. ಕೇರಿಗೆ ಬಸ್ಸು ಬಂದರಲ್ಲವೇ ಟಿಕೆಟ್ಟಿನ ಮಾತು?

ಆ 'ಎಲ್ಲರದು' ಎಂಬ ಮಾತಿಗೆ ಇನ್ನೊಂದು ಲೆಕ್ಕವಿದೆ, ಅದನ್ನು ನಮ್ಮ ವಿದ್ಯಾರ್ಥಿ ಗೆಳೆಯರು ಕಂಠಪಾಠ ಮಾಡಬೇಕು. 2013ರಲ್ಲಿ ರಾಜ್ಯದಲ್ಲಿ ಉಪಯೋಜನೆ ಕಾಯ್ದೆ ಬಂತು. ಅಭಿವೃದ್ಧಿ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಯ ಪ್ರಕಾರ 24.1 ಪಾಲು ಎತ್ತಿಡಬೇಕು. ಬಹಳ ಒಳ್ಳೆಯ ಕಾಯ್ದೆ. ಅದರ ಹೊಟ್ಟೆಯಲ್ಲೇ 7(ಡಿ) ಎಂಬ ತೂತು. ಭಾಗ ಮಾಡಲಾಗದ ದೊಡ್ಡ ಕಾಮಗಾರಿಯಾದರೆ ಅದರ ಖರ್ಚಿನ ಒಂದಂಶವನ್ನು ನಮಗೇ ಖರ್ಚಾಯಿತು ಎಂದು ಭಾವಿಸಿಕೊಳ್ಳಬಹುದು. ಭಾವಿಸಿಕೊಳ್ಳುವುದು! ರಸ್ತೆ ಎಲ್ಲರದು, ಎಲ್ಲರಲ್ಲಿ ನೀವೂ ಇದ್ದೀರಿ, ಆದ್ದರಿಂದ ನಿಮ್ಮ ಗಂಟಿನಿಂದ ಇಷ್ಟು. ಹತ್ತು ವರ್ಷ ಕೂಗಿದ ಮೇಲೆ 2023ರಲ್ಲಿ ಆ ತೂತು ಮುಚ್ಚಿದರು. ಮುಚ್ಚಿದ ವರ್ಷವೇ ಗ್ಯಾರಂಟಿ ಯೋಜನೆಗಳಿಗೆ ಅದೇ ಗಂಟಿನಿಂದ 11 ಸಾವಿರ ಕೋಟಿಗೂ ಹೆಚ್ಚು, 2024-25ಕ್ಕೆ 14 ಸಾವಿರ ಕೋಟಿಗೂ ಹೆಚ್ಚು ತೋರಿಸಿದರು. ಆ ದುಡ್ಡು ಪರಿಶಿಷ್ಟ ಫಲಾನುಭವಿಗಳಿಗೇ ಹೋಗುತ್ತದೆ ಎನ್ನುವುದು ಸರ್ಕಾರದ ಉತ್ತರ. ಹಾಗೇ ಇರಲಿ, ಒಪ್ಪೋಣ. ಒಂದೇ ಬಸ್ಸಿಗೆ ಗೌಡರ ಮನೆ ಅಮ್ಮನೂ ನಮ್ಮವ್ವನೂ ಹತ್ತುತ್ತಾರೆ. ಅಮ್ಮನ ಟಿಕೆಟ್ಟು ನಾಡಿನ ಬೊಕ್ಕಸದಿಂದ, ನಮ್ಮವ್ವನ ಟಿಕೆಟ್ಟು ಮಾತ್ರ ಕೇರಿಗೆಂದು ಎತ್ತಿಟ್ಟ ಗಂಟಿನಿಂದ. ಯಾಕೆ? ನಮ್ಮವ್ವ ನಾಡಿಗೆ ಸೇರಿದವಳಲ್ಲವೇ?

ಈಗ ಹೊಸ ಪಂದ್ಯ. 2025ರ ಕೇಂದ್ರ ಬಜೆಟ್ಟಿನಲ್ಲಿ 1 ಲಕ್ಷ ಕೋಟಿಯ 'ಅರ್ಬನ್ ಚಾಲೆಂಜ್ ಫಂಡ್' ಸಾರಿದರು. ಅದರ ಕಲಮುಗಳಲ್ಲೊಂದು ನಗರಗಳ ಸೃಜನಶೀಲ ಪುನರಭಿವೃದ್ಧಿ. ಸೃಜನಶೀಲ ಎಂಬ ಪದ ಪದ್ಯ ಬರೆಯುವ ನಮ್ಮಂಥವರಿಗೆ ಸೇರಿದ್ದೆಂದು ತಿಳಿದಿದ್ದೆವು, ಬುಲ್ಡೋಜರಿಗೂ ಸಲ್ಲುತ್ತದೆಂದು ಈಗ ಗೊತ್ತಾಯಿತು. ಷರತ್ತು ಕೇಳಿ. ಯೋಜನೆಯ ವೆಚ್ಚದಲ್ಲಿ ಕೇಂದ್ರ ಕೊಡುವುದು ಹೆಚ್ಚೆಂದರೆ ಕಾಲು ಭಾಗ. ಕನಿಷ್ಠ ಅರ್ಧವನ್ನು ಬಾಂಡು, ಬ್ಯಾಂಕ್ ಸಾಲ, ಖಾಸಗಿ ಪಾಲುದಾರಿಕೆಯಿಂದ ಊರೇ ತರಬೇಕು. ಬ್ಯಾಂಕು ಒಪ್ಪುವಂಥ ಯೋಜನೆಗೇ ದುಡ್ಡು. ಬ್ಯಾಂಕು ಯಾವುದನ್ನು ಒಪ್ಪುತ್ತದೆ? ಬಾಡಿಗೆ ಹುಟ್ಟುವುದನ್ನು. ಅಂಗಡಿ ಮಳಿಗೆ ಬಾಡಿಗೆ ತರುತ್ತದೆ, ವಾಹನ ನಿಲ್ದಾಣ ಶುಲ್ಕ ತರುತ್ತದೆ. ಪೌರಕಾರ್ಮಿಕರ ಮನೆ, ಕೇರಿಯ ಚರಂಡಿ, ಬೆಳಗಿನ ಐದರ ಬಸ್ಸು ಯಾವ ಬಾಡಿಗೆ ತಂದಾವು? ಸಾಲ ತಂದ ಊರು ಸಾಲ ತೀರಿಸಬೇಕು, ತೀರಿಸಲು ಮಾರಬಹುದಾದ ಅಥವಾ ಬಾಡಿಗೆಗೆ ಕೊಡಬಹುದಾದ ನೆಲ ಬೇಕು. ಬಸ್ ಸ್ಟ್ಯಾಂಡಿನ ಹಿಂದೆ, ಸಂತೆಮಾಳದ ಪಕ್ಕದಲ್ಲಿ, ಹಕ್ಕುಪತ್ರವಿಲ್ಲದ ನೆಲ ಯಾರ ಕಾಲ ಕೆಳಗಿದೆ? ಸವಣೂರಿನಲ್ಲಿ ಒಂದು ಪುರಸಭೆಗೆ ಬಂದ ಬುದ್ಧಿಯನ್ನು ಈಗ ಷರತ್ತು ಮಾಡಿ ದೇಶದ ನಗರಗಳಿಗೆ ಹಂಚುತ್ತಿದ್ದಾರೆ ಎನ್ನುವುದೇ ನಮ್ಮ ಭಯ.

ಆದ್ದರಿಂದ ಅರ್ಜಿ ದಿಲ್ಲಿಗೆ ಹೋಗುವ ಮುಂಚೆ ಕೇರಿಗೆ ಬರಬೇಕು. ಯೋಜನಾ ವರದಿ ಇಂಗ್ಲಿಷಿನಲ್ಲಿ ಇರುತ್ತದೆ, ದಪ್ಪಗಿರುತ್ತದೆ, ಹೆದರಿಸುವಂತೆಯೇ ಇರುತ್ತದೆ. ಮನೆಗೆ ಮೊದಲ ಡಿಗ್ರಿ ತಂದ ನಾವು ಇರುವುದು ಮತ್ಯಾವುದಕ್ಕೆ? ಸಂಜೆ ಕೂಲಿ ಮುಗಿಸಿ ಬಂದವರನ್ನು ಕೂರಿಸಿಕೊಂಡು ಕನ್ನಡದಲ್ಲಿ ಓದಿ ಹೇಳೋಣ. ನಮ್ಮ ಹೆಸರು ಯಾವ ಪುಟದಲ್ಲಿದೆ, ನಮ್ಮ ದುಡ್ಡು ಯಾವ ಪುಟದಲ್ಲಿದೆ, ಎರಡು ಪುಟಗಳ ನಡುವೆ ಎಷ್ಟು ದೂರ ಎಂದು ಬೆರಳಿಟ್ಟು ತೋರಿಸೋಣ. ನಕ್ಷೆಯಲ್ಲಿ 'ಖಾಲಿ ಜಾಗ' ಎಂದು ಬರೆದ ಕಡೆ ಯಾರ ಒಲೆ ಉರಿಯುತ್ತಿದೆ ಎಂದು ಬರೆಸೋಣ. ಉಪಯೋಜನೆಯ ಹಣವನ್ನು ಯಾವ ಕಾಮಗಾರಿಗೆ ತೋರಿಸಿದ್ದಾರೆ, ಗುಡಿಸುವವರಲ್ಲಿ ಎಷ್ಟು ಜನ ಕಾಯಂ, ಎಷ್ಟು ಜನ ಗುತ್ತಿಗೆ, ಬೆಳಗಿನ ಬಸ್ಸು ಎಷ್ಟು ಗಂಟೆಗೆ, ಇವನ್ನೆಲ್ಲ ಲಿಖಿತವಾಗಿ ಕೇಳೋಣ. ವರದಿ ಕೊಡೋದಿಲ್ಲ ಎಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಬಿಳಿ ಹಾಳೆ, ನಿಮ್ಮ ಸಹಿ, ಹತ್ತು ರೂಪಾಯಿ. ಬಿಪಿಎಲ್ ಕಾರ್ಡಿದ್ದರೆ ಅದನ್ನೂ ಕಟ್ಟಬೇಕಿಲ್ಲ.